ಯಾರ ತರಗು ಯಾರಿಗೆ: ಹೊಂಗೆ, ಬೇವು, ಹುಣಸೆ, ಕರಿಜಾಲಿ, ಕಮರ

ಅಡಿಕೆ ಸಸಿಯ ಪಾತಿಗೆ ಯಾವ ಮರದ ತರಗು, ಅಂದರೆ ಉದುರಿದ ಒಣ ಎಲೆ, ಒಳ್ಳೆಯದು ಎಂದು ಕೇಳಿದರೆ ನಾನು ಹೊಂಗೆಯ ಪಕ್ಷ. ಮೊದಲೇ ಹೇಳಿಬಿಟ್ಟರೆ ಓದುವವರು ಅದಕ್ಕೆ ತಕ್ಕಷ್ಟು ಕಳೆದು ಓದಿಕೊಳ್ಳಬಹುದು. ಭರಮಸಾಗರದ ಆಚೆ ನಮ್ಮದೊಂದಿಷ್ಟು ಬೀಳು ಇದೆ, ದನ ಮೇಯುವ ಜಾಗ. ಅದರಲ್ಲಿ ಅಲ್ಲೊಂದು ಇಲ್ಲೊಂದು ಹೊಂಗೆ, ಬೇವು, ಹುಣಸೆ, ಕರಿಜಾಲಿ ಇವೆ. ಕಲ್ಲುಗುಡ್ಡೆಯ ಮೂಲೆಯಲ್ಲಿ ಕಮರ ನಿಂತಿದೆ. ಯಾವುದನ್ನೂ ಯಾರೂ ನೆಟ್ಟಿದ್ದಲ್ಲ. ಪಕ್ಕದಲ್ಲಿ ಕೊಳವೆಬಾವಿಯ ನೀರು ನಂಬಿ ಹಾಕಿದ ಅಡಿಕೆ ಸಸಿಗಳು. ನಾನಿರುವುದು ದಾವಣಗೆರೆಯಲ್ಲಿ, ಜಮೀನಿಗೆ ಹೋಗುವುದು ಭಾನುವಾರ. ಈ ಭಾನುವಾರದ ವಿಷಯ ನೆನಪಿರಲಿ, ನನ್ನ ತೀರ್ಮಾನ ಬಹುಪಾಲು ಅದರ ಮೇಲೆಯೇ ನಿಂತಿದೆ.

ಶಿರಸಿ, ಸಾಗರದ ಕಡೆಯ ಅಡಿಕೆ ಬೆಳೆಗಾರರಿಗೆ ಸೊಪ್ಪಿನಬೆಟ್ಟವಿದೆ. ತೋಟಕ್ಕೆ ಎಲೆ ಬೇಕೆಂದರೆ ಬೆಟ್ಟಕ್ಕೆ ಹೋದರಾಯಿತು. ನಮಗಿರುವುದು ಬೀಳು ಮಾತ್ರ, ಅದೂ ಮಳೆ ಲೆಕ್ಕವಿಟ್ಟು ಬೀಳುವ ಸೀಮೆಯಲ್ಲಿ. ಮಲೆನಾಡಿನಲ್ಲಿ ಉದುರಿದ ಎಲೆ ಒದ್ದೆ ನೆಲದಲ್ಲಿ ತಾನಾಗಿ ಕೊಳೆಯುತ್ತದೆ. ಇಲ್ಲಿ ಮಾಘ, ಫಾಲ್ಗುಣದಲ್ಲಿ ಉದುರಿದ ಎಲೆ ಮೇ ತಿಂಗಳ ಅಡ್ಡಮಳೆ ಬರುವವರೆಗೂ ಬಿದ್ದಲ್ಲೇ ಗರಿಗರಿಯಾಗಿ ಒಣಗಿ ಬಿದ್ದಿರುತ್ತದೆ. ಅಷ್ಟರಲ್ಲಿ ಅರ್ಧ ಗೆದ್ದಲಿನ ಪಾಲು, ಕಾಲುಭಾಗ ಗಾಳಿಯ ಪಾಲು, ಯಾರಾದರೂ ಬೀಡಿ ಎಸೆದರೆ ಪೂರ್ತಿ ಬೆಂಕಿಯ ಪಾಲು. ಆದ್ದರಿಂದ ಯಾವ ಎಲೆಯಲ್ಲಿ ಸಾರ ಎಷ್ಟಿದೆ ಎಂಬುದಕ್ಕಿಂತ, ಯಾವ ಎಲೆ ಮಳೆ ಬರುವವರೆಗೆ ಜಾಗದಲ್ಲಿ ಉಳಿದು ಮಳೆ ಬಂದ ಮೇಲೆ ಬೇಗ ಮಣ್ಣಾಗುತ್ತದೆ ಎಂಬುದೇ ನನಗೆ ಮುಖ್ಯ.

ಹೊಂಗೆ ಈ ಎರಡನ್ನೂ ಮಾಡುತ್ತದೆ. ಕೆಲವೇ ವಾರಗಳಲ್ಲಿ ಎಲೆ ಉದುರಿಸಿ, ಯುಗಾದಿಯ ಹೊತ್ತಿಗೆ ಮತ್ತೆ ಎಳೆ ಹಸಿರು ಹೊದ್ದು ನಿಲ್ಲುತ್ತದೆ. ಹಾಗಾಗಿ ಒಂದೆರಡು ಭಾನುವಾರ ಗುಡಿಸಿದರೆ ವರ್ಷದ ತರಗು ಕೈಗೆ ಬಂದಂತೆ. ಉದುರಿದ ಎಲೆಯನ್ನು ಬೆಳಕಿಗೆ ಹಿಡಿದು ನೋಡಿ: ಮೈತುಂಬ ಹುಳು ಕೊರೆದ ಬಿಳಿಯ ಅಂಕುಡೊಂಕು ಗೆರೆಗಳು, ನುಸಿ ಎಬ್ಬಿಸಿದ ಗಂಟುಗಳು. ಮರಕ್ಕೆ ಅದು ಪೀಡೆಯೇ ಇರಬಹುದು, ಗೊಬ್ಬರ ಮಾಡುವವನಿಗೆ ಅರ್ಧ ಕೆಲಸ ಮರದ ಮೇಲೆಯೇ ಮುಗಿದಿರುತ್ತದೆ. ಮೊದಲ ಹದಮಳೆ ಬಿದ್ದ ಮೇಲೆ ಪದರ ಎತ್ತಿದರೆ ಮೇಲಿನ ಎಲೆ ಇನ್ನೂ ಸರಸರ ಎನ್ನುತ್ತಿರುತ್ತದೆ. ಅದರ ಕೆಳಗಿನವು ಒಂದಕ್ಕೊಂದು ಅಂಟಿಕೊಂಡಿರುತ್ತವೆ, ನಡುವೆ ಬಿಳಿ ಬೂಷ್ಟಿನ ಎಳೆಗಳು ಹರಡಿರುತ್ತವೆ. ತೀರಾ ಕೆಳಗಿನವುಗಳಲ್ಲಿ ನರಗಳ ಜಾಲರಿ ಮಾತ್ರ ಉಳಿದಿರುತ್ತದೆ, ಮಣ್ಣಿನ ವಾಸನೆ ಬಂದಿರುತ್ತದೆ. ಮಳೆಗಾಲ ಮುಗಿಯುವಷ್ಟರಲ್ಲಿ ಆ ಜಾಲರಿಯೂ ಇರುವುದಿಲ್ಲ.

ಕೃಷಿ ಪುಸ್ತಕಗಳ ಹಸಿರೆಲೆ ಗೊಬ್ಬರದ ಪಟ್ಟಿಯಲ್ಲಿ ಹೊಂಗೆಗೆ ಶೇ 3.31, ಬೇವಿಗೆ ಶೇ 2.83, ಎಲ್ಲರೂ ಹೊಗಳುವ ಗ್ಲಿರಿಸಿಡಿಯಾಕ್ಕೆ ಶೇ 2.76 ಸಾರಜನಕ ಎಂದು ಬರೆದಿರುತ್ತದೆ. ಈ ಅಂಕಿಗಳನ್ನು ತರಗಿಗೆ ಹಾಗೆಯೇ ಹಚ್ಚುವಂತಿಲ್ಲ. ಅವು ಹಸಿರು ಸೊಪ್ಪಿನವು. ಮರ ಜಿಪುಣ. ಎಲೆಯನ್ನು ಕೈಬಿಡುವ ಮುಂಚೆ ಅದರಲ್ಲಿದ್ದ ಸಾರಜನಕದ ದೊಡ್ಡ ಪಾಲನ್ನು ರೆಂಬೆಗೆ ವಾಪಸು ಎಳೆದುಕೊಂಡಿರುತ್ತದೆ. ಭದ್ರಾ ನಾಲೆಯ ಕೆಳಗಿನ ಗದ್ದೆಗಳಿಗೆ ಹಿಂದಿನವರು ಹೊಂಗೆಯ ಹಸಿ ಸೊಪ್ಪನ್ನೇ ಕಡಿದು ತುಳಿಸುತ್ತಿದ್ದುದು ಸುಮ್ಮನೆ ಅಲ್ಲ. ನಾನು ಮರ ಕಡಿಯುವುದಿಲ್ಲ, ಉದುರಿದ್ದಕ್ಕೆ ತೃಪ್ತ. ದನಗಳಿಗೆ ನೆರಳೂ ಬೇಕಲ್ಲ.

ಬೇವು ಎರಡನೆಯ ಸ್ಥಾನ. ಎಲೆ ಬೇಗ ಪುಡಿಯಾಗುತ್ತದೆ, ಗೆದ್ದಲು ಅದರ ತಂಟೆಗೆ ಅಷ್ಟಾಗಿ ಬರುವುದಿಲ್ಲ. ಆದರೆ ಎಲೆಗಳೆಲ್ಲ ಉದುರಿ ಹೋದ ನಡುಕಡ್ಡಿಗಳು ಉಳಿದು, ಪಾತಿಯ ತುಂಬ ಹರವಿಕೊಳ್ಳುತ್ತವೆ. ಆಷಾಢದಲ್ಲಿ ಹಣ್ಣು ಉದುರಿದ ಮೇಲೆ ಎಲ್ಲಿ ನೋಡಿದರೂ ಬೇವಿನ ಸಸಿ. ಅದೇನು ದೊಡ್ಡ ಕಾಟವಲ್ಲ, ಬೆರಳಲ್ಲಿ ಎಳೆದರೆ ಬರುತ್ತದೆ. 2015ರಲ್ಲಿ ಕೇಂದ್ರ ಸರ್ಕಾರ ಯೂರಿಯಾಕ್ಕೆಲ್ಲ ಬೇವಿನ ಎಣ್ಣೆಯ ಲೇಪ ಕಡ್ಡಾಯ ಮಾಡಿದ್ದಕ್ಕೆ ಒಂದು ಕಾರಣ, ಬೇವಿನ ಅಂಶ ಸಾರಜನಕ ಒಮ್ಮೆಲೇ ಕರಗಿಹೋಗದಂತೆ ತಡೆಯುತ್ತದೆ ಎಂಬುದು. ಅದನ್ನು ಕೇಳಿ ತರಗೂ ಅದೇ ಪವಾಡ ಮಾಡುತ್ತದೆಂದು ಕೆಲವರು ಭಾಷಣ ಬಿಗಿಯುತ್ತಾರೆ. ಎಣ್ಣೆಯಿರುವುದು ಬೀಜದಲ್ಲಿ ಸ್ವಾಮಿ, ಒಣಗಿದ ಎಲೆಯಲ್ಲಲ್ಲ.

ಹುಣಸೆಯ ಎಲೆ ಸಣ್ಣದು. ಗಾಳಿಗೆ ಹಾರದೆ ಹುಲ್ಲಿನ ಬುಡಕ್ಕೆ ಇಳಿದುಬಿಡುತ್ತದೆ, ಗುಡಿಸಿದರೆ ಎಲೆಗಿಂತ ಮಣ್ಣೇ ಹೆಚ್ಚು ಬರುತ್ತದೆ. ಗುಡಿಸುವ ಕೆಲಸವನ್ನು ಹಣ್ಣಿನ ಗುತ್ತಿಗೆ ಹಿಡಿದವರು ಹೇಗೂ ಮಾಡುತ್ತಾರೆ, ಹಣ್ಣು ಬಡಿಯುವ ಮೊದಲು ಬುಡವನ್ನೆಲ್ಲ ಅಂಗಳದಷ್ಟು ಚೊಕ್ಕಟ ಮಾಡಿಕೊಳ್ಳುತ್ತಾರೆ. ಆಮೇಲೆ ಆ ರಾಶಿಗೆ ಕಡ್ಡಿ ಗೀರುತ್ತಾರೆ. ಬೇಡವೆಂದು ಹೇಳಿ ಹೇಳಿ ಸಾಕಾಗಿದೆ.

ಕರಿಜಾಲಿ: ಎಲೆ ಚೆನ್ನ, ಮುಳ್ಳು ಬೆರಳುದ್ದ. ಕಾಯಿ ಕುರಿಗೆ ಬಿಟ್ಟು, ತರಗು ಅದರ ಬುಡಕ್ಕೇ ಬಿಟ್ಟು ನಮಸ್ಕಾರ ಹೇಳಿ.

ಕಮರದ ಮೇಲೆ ನನಗೆ ಗೌರವವಿದೆ. ಜೋಡಿ ಎಲೆ ಬುಡದಲ್ಲಿ ಕೂಡಿಕೊಂಡು ಪಾತರಗಿತ್ತಿಯ ಹಾಗೆ ಕಾಣುತ್ತದೆ. ದಪ್ಪ, ತೊಗಲಿನಂಥ ಎಲೆ, ಕೊಳೆಯುವುದಕ್ಕೆ ಅವಸರವಿಲ್ಲ. ಬರೀ ನೆಲ ಮುಚ್ಚಿ ತೇವ ಕಾಯಬೇಕು ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ಹೊದಿಕೆ ನಮ್ಮ ಸೀಮೆಯ ಮರಗಳಲ್ಲಿ ಸಿಗಲಾರದು. ನನ್ನ ಪಾತಿಗಳಲ್ಲಿ ಮಾತ್ರ ಅದರ ಮೇಲೆ ಗೆದ್ದಲು ಮಣ್ಣಿನ ತೆಳು ಹೊದಿಕೆ ಕಟ್ಟಿಕೊಂಡು ಒಳಗೊಳಗೇ ತಿನ್ನುತ್ತಿತ್ತು. ಎಲೆಯನ್ನು ತಿಂದರೆ ತಿನ್ನಲಿ, ಆ ನೆಪದಲ್ಲಿ ಸಸಿಯ ಬುಡಕ್ಕೂ ದಾರಿ ಮಾಡಿಕೊಳ್ಳುತ್ತದೆ. ವಾರಕ್ಕೊಮ್ಮೆ ಹೋಗುವವನಿಗೆ ಅದು ತಿಳಿಯುವುದು ಸುಳಿ ಬಾಡಿದ ಮೇಲೆ. ಇನ್ನು, ಕಮರ ಹೆಚ್ಚಾಗಿ ಇರುವುದು ಗುಡ್ಡದ ಕಾಡಿನಲ್ಲಿ. ಅಲ್ಲಿಂದ ಗುಡಿಸಿ ತರುವ ಯೋಚನೆ ಬೇಡ. 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಕಾಡಿನಿಂದ ತಂದ ಎಲೆಯೂ ಅರಣ್ಯ ಉತ್ಪನ್ನವೇ.

ಈಗ ಟ್ರ್ಯಾಕ್ಟರ್ ಲೋಡಿನ ಕಥೆಗೆ ಬರೋಣ. ಈ ಹೋಲಿಕೆ ಬರೆಯಲು ಕೂತದ್ದೇ ಅದರಿಂದ.

ಬೀಳಿನ ತರಗು ಎಲ್ಲ ಪಾತಿಗಳಿಗೆ ಸಾಲದೆ ಕಳೆದ ಬೇಸಗೆಯಲ್ಲಿ ಹೊರಗಿನಿಂದ ಒಂದು ಲೋಡ್ ತರಿಸಿದೆ. ಮಾರಿದಾತ ‘ಅಪ್ಪಟ ಹೊಂಗೆ’ ಎಂದ. ಮೇಲೆ ಹೊಂಗೆಯೇ ಇತ್ತು. ಟ್ರೈಲರ್ ಎತ್ತಿ ಸುರಿದ ಮೇಲೆ ಒಳಗಿನ ಸಂಸಾರ ಬಯಲಾಯಿತು: ಹುಣಸೆಯ ಹೊಟ್ಟು, ಜಾಲಿಯ ಚೂರು, ಪ್ಲಾಸ್ಟಿಕ್ ಲೋಟ, ಎಲ್ಲಕ್ಕಿಂತ ಹೆಚ್ಚಾಗಿ ಕುರಿಹಿಕ್ಕೆ. ಯಾವುದೋ ಗೋಮಾಳದಲ್ಲಿ ಮಧ್ಯಾಹ್ನ ಕುರಿಗಳು ಮಲಗುವ ಮರದ ಬುಡಗಳನ್ನೆಲ್ಲ ಬಳಿದು ತುಂಬಿದ್ದರು. ನಮ್ಮ ಬೀಳಿನ ಪಕ್ಕದಲ್ಲಿ ಕುರಿ ಕಾಯುವ ಅಜ್ಜ ಒಂದು ಹಿಡಿ ಎತ್ತಿ ಮೂಸಿ, “ಎಲೆಯ ದುಡ್ಡಿಗೆ ಗೊಬ್ಬರ ಬಂದಿದೆಯಲ್ಲ ಸ್ವಾಮಿ, ಯಾಕೆ ಮುಖ ಸಣ್ಣ ಮಾಡುತ್ತೀರಿ?” ಎಂದ. ಮಾತು ನಿಜವೆನ್ನಿಸಿತು. ನಮ್ಮ ಕಡೆ ಹೊಲದಲ್ಲಿ ಕುರಿ ತರುಬಿಸಲು, ಅಂದರೆ ಹಿಕ್ಕೆಯ ಗೊಬ್ಬರಕ್ಕಾಗಿ ಮಂದೆ ನಿಲ್ಲಿಸಿಕೊಳ್ಳಲು, ರೈತರು ಕೈಯಾರೆ ದುಡ್ಡು ಕೊಡುತ್ತಾರೆ. ಇದು ಪುಕ್ಕಟೆ ಬಂದಿತ್ತು.

ಅಡ್ಡಮಳೆ ಎರಡು ಬಿದ್ದವು. ಮುಂದಿನ ಭಾನುವಾರ ಹೋದರೆ ಪಾತಿ ಪಾತಿಯಲ್ಲೂ ತರಗನ್ನು ತಲೆಯಲ್ಲಿ ಎತ್ತಿಕೊಂಡು ಮೊಳಕೆ ನಿಂತಿತ್ತು. ಎರಡು ದಪ್ಪ ಬೇಳೆಯೆಲೆ, ನಡುವೆ ಗರಿಯಂಥ ಎಳೆ ಎಲೆ. ಅಜ್ಜನೇ ಗುರುತು ಹಿಡಿದ: ಬಳ್ಳಾರಿ ಜಾಲಿ.

ಈ ಮರ ನಮ್ಮದಲ್ಲ, ಅಮೆರಿಕ ಖಂಡದ ಕಡೆಯಿಂದ 19ನೇ ಶತಮಾನದಲ್ಲಿ ಭಾರತಕ್ಕೆ ಬಂದದ್ದು. ಬರಗಾಲಕ್ಕೆ ಸೌದೆ ಕೊಟ್ಟಿತು, ಆಮೇಲೆ ಕೆರೆಯಂಗಳ, ಗೋಮಾಳ ಎಲ್ಲವನ್ನೂ ತನ್ನದು ಮಾಡಿಕೊಂಡಿತು. ಅದರ ಕಾಯಿ ಸಿಹಿ, ಕುರಿ ಮೇಕೆ ಬಿಡುವುದಿಲ್ಲ. ಬೀಜದ ಸಿಪ್ಪೆ ಗಟ್ಟಿ, ಹೊಟ್ಟೆಯೊಳಗೆ ಅರಗುವುದಿಲ್ಲ. ಅಲ್ಲಿನ ರಸಕ್ಕೆ ಸಿಪ್ಪೆ ಸ್ವಲ್ಪ ಮೆತ್ತಗಾಗಿ, ಹಿಕ್ಕೆಯ ಗೊಬ್ಬರವನ್ನೂ ಬುತ್ತಿ ಕಟ್ಟಿಕೊಂಡು ಹೊರಗೆ ಬೀಳುತ್ತದೆ. ಅದಕ್ಕೆ ನಾನು ಒದಗಿಸಿದ್ದು ಹನಿ ನೀರಾವರಿಯ ತೇವ, ಮೇಲೆ ತರಗಿನ ಹೊದಿಕೆ. ಸರ್ಕಾರಿ ನರ್ಸರಿಯಲ್ಲೂ ಇಷ್ಟು ಉಪಚಾರ ಸಿಗುವುದಿಲ್ಲ.

ಬೇಳೆಯೆಲೆ ಇರುವಾಗಲೇ ಎರಡು ಬೆರಳಲ್ಲಿ ಹಿಡಿದೆಳೆದರೆ ಬಂದುಬಿಡುತ್ತದೆ. ತೊಂದರೆ ಏನೆಂದರೆ, ತರಗಿನ ಅಡಿಯಲ್ಲಿ ಹುಟ್ಟುವುದು ಕಾಣುವುದಿಲ್ಲ. ಕಾಣುವಷ್ಟು ಎದ್ದಾಗ ಬೇರು ಮೇಲಿನ ಗಿಡದ ಹಲವು ಪಟ್ಟು ಉದ್ದ ಇಳಿದಿರುತ್ತದೆ. ಎಳೆದರೆ ನೆಲದ ಮಟ್ಟಕ್ಕೆ ತುಂಡಾಗುತ್ತದೆ, ತುಂಡಾದಲ್ಲಿ ಒಂದರ ಬದಲು ಮೂರು ಚಿಗುರು. ದಿನಾ ತೋಟದಲ್ಲಿರುವವನು ಇದನ್ನು ಗೆಲ್ಲಬಹುದು. ಎರಡು ಭಾನುವಾರಗಳ ನಡುವೆ ಬಳ್ಳಾರಿ ಜಾಲಿಗೆ ಆರು ಪೂರ್ತಿ ದಿನ ರಜೆ ಸಿಗುತ್ತದೆ.

ಕೊನೆಗೆ ಕೂಲಿಗೆ ಹೆಂಗಸರನ್ನು ಕರೆಸಿದೆ. ಅವರು ತರಗಿನೊಳಗೆ ಒಮ್ಮೆ ಕೈ ಹಾಕಿ, ಮುಳ್ಳು ತೋರಿಸಿ, “ಅಣ್ಣಾ, ಇದಕ್ಕೆ ಕಳೆಯ ಕೂಲಿ ಸಾಲದು” ಎಂದರು. ಸರಿಯಾದ ಮಾತು. ಹಾರೆ ಹಾಕಿ ಬುಡದ ಕೆಳಗೆ ಮೀಟಿ ತೆಗೆಯಬೇಕು, ಮೀಟುವಾಗ ಹನಿ ನೀರಾವರಿಯ ಪೈಪು ಎಷ್ಟೋ ಕಡೆ ತೂತಾಯಿತು. ಲೋಡಿಗೆ ಕೊಟ್ಟದ್ದಕ್ಕಿಂತ ಹೆಚ್ಚು ಹಣ ಅದು ತಂದದ್ದನ್ನು ಕೀಳುವುದಕ್ಕೆ ಹೋಯಿತು. ಮಾರಿದಾತನಿಗೆ ಫೋನ್ ಮಾಡಿದರೆ, “ಬೀಜ ಹಾಕಿದ್ದು ಕುರಿ, ನಾನಲ್ಲ” ಎಂಬ ಉತ್ತರ ಬಂತು. ನ್ಯಾಯಾಲಯದಲ್ಲೂ ನಿಲ್ಲುವ ವಾದ. ಬಳ್ಳಾರಿ ಜಾಲಿಯ ಬೀಜ ಮಣ್ಣಲ್ಲಿ ವರ್ಷಗಟ್ಟಲೆ ಮಲಗಿರಬಲ್ಲದು, ಆದ್ದರಿಂದ ಈ ಲೆಕ್ಕ ಇನ್ನೂ ಮುಗಿದಿಲ್ಲ.

ಅದೇ ತೋಟದಲ್ಲಿ, ನಮ್ಮ ಬೀಳಿನ ಹೊಂಗೆಯ ತರಗು ಹಾಕಿದ ಸಾಲುಗಳಲ್ಲಿ ಎದ್ದದ್ದು ಗರಿಕೆ ಮತ್ತು ಕೆಲವು ಹೊಂಗೆಯ ಸಸಿ. ಬೀಳಿಗೆ ಬರುವುದು ನಮ್ಮ ದನ ಮಾತ್ರ, ಅವು ಏನು ತಿಂದಿವೆ ಎಂಬುದು ನನಗೆ ಗೊತ್ತು. ತರಗು ಕೊಳ್ಳುವಾಗ ಮರದ ಹೆಸರು ಕೇಳುವುದಕ್ಕಿಂತ ಮರದ ಕೆಳಗೆ ಯಾರು ಮಲಗಿದ್ದರು ಎಂದು ಕೇಳುವುದು ಲೇಸು.

ಹಣದ ಮಾತು. ಸಾರಜನಕವೊಂದೇ ಬೇಕೆನ್ನುವವರು ತರಗಿನ ಸಹವಾಸಕ್ಕೇ ಬರಬೇಡಿ. 45 ಕಿಲೋ ಯೂರಿಯಾ ಮೂಟೆಯಲ್ಲಿ ಶೇ 46ರಂತೆ ಸುಮಾರು ಇಪ್ಪತ್ತೊಂದು ಕಿಲೋ ಸಾರಜನಕ ಇರುತ್ತದೆ, ಸಬ್ಸಿಡಿಯ ದೆಸೆಯಿಂದ ಮುನ್ನೂರು ರೂಪಾಯಿಯೊಳಗೆ ಬರುತ್ತದೆ. ಗುಡಿಸುವ ಕೂಲಿಗೇ ಅದಕ್ಕಿಂತ ಹೆಚ್ಚಾಗುತ್ತದೆ. ನಾನು ತರಗು ಹಾಕುವುದು ಏಪ್ರಿಲ್ ಬಿಸಿಲಲ್ಲಿ ಪಾತಿ ಬಿರುಕು ಬಿಡದಿರಲಿ, ಮೋಟಾರು ಓಡುವ ಹೊತ್ತು ಕಡಿಮೆಯಾಗಲಿ ಎಂದು. ಆ ಲೆಕ್ಕದಲ್ಲಿ ಮಾತ್ರ ಅದು ಗಿಟ್ಟುತ್ತದೆ.

ಸ್ವಂತ ಬೀಳಿನಲ್ಲಿ ಪುಕ್ಕಟೆ ಸಿಗುತ್ತದೆಂದು ಬಳಿದು ತರುವವರಿಗೂ ಒಂದು ಮಾತು. ಚದುರಿದ ಮರಗಳು ಆಳದ ಮಣ್ಣಿನಿಂದ ಎಳೆದದ್ದನ್ನು ಎಲೆಯ ಮೂಲಕ ಮೇಲಕ್ಕೆ ಸುರಿಯುತ್ತವೆ. ನೆರಳಿಗೆ ಮಲಗುವ ದನ ಸಗಣಿ ಸೇರಿಸುತ್ತದೆ. ಆದ್ದರಿಂದಲೇ ಮರದ ಕೊಡೆಯ ಕೆಳಗಿನ ಮಣ್ಣು ಬಯಲಿನ ಮಣ್ಣಿಗಿಂತ ಮೆದು, ಕಪ್ಪು. ಚಳ್ಳಕೆರೆ ಕಡೆಯ ಅಮೃತಮಹಲ್ ಕಾವಲುಗಳೆಂಬ ಹುಲ್ಲುಗಾವಲುಗಳಲ್ಲಿ ಓಡಾಡಿದವರಿಗೆ ಇದು ಗೊತ್ತು: ಬಯಲಿನ ಕರಡ ಒಣಗಿ ಬೆಳ್ಳಗಾದ ಮೇಲೂ ಮರದಡಿಯ ಹುಲ್ಲಿನ ಬುಡದಲ್ಲಿ ಇನ್ನೂ ಹಸಿರಿರುತ್ತದೆ. ಪೂರ್ತಿ ಗುಡಿಸಿದರೆ ಬೀಳಿಗೆ ಮಾರಿ, ತೋಟಕ್ಕೆ ಉಪಕಾರಿ. ನಾನು ಹೊಂಗೆಯಿಂದ ಅರ್ಧ ತೆಗೆಯುತ್ತೇನೆ, ಬೇವಿನಿಂದ ಅದಕ್ಕಿಂತ ಸ್ವಲ್ಪ ಹೆಚ್ಚು, ಉಳಿದ ಮೂರನ್ನು ಮುಟ್ಟುವುದಿಲ್ಲ. ಹೊಂಗೆಯ ತರಗು ಹುಲ್ಲಿನ ಮೇಲೆ ಉಳಿದರೂ ಮೊದಲ ಮಳೆಗಳಲ್ಲೇ ಕುಸಿದು ಹುಲ್ಲಿಗೆ ದಾರಿ ಬಿಡುತ್ತದೆ. ಕಮರದ ದಪ್ಪ ಪದರದಡಿಯಲ್ಲಿ ಗರಿಕೆ ಅಷ್ಟು ಸುಲಭವಾಗಿ ಏಳುವುದಿಲ್ಲ.

ತೋಟದಲ್ಲೇ ಮನೆಯಿದ್ದು ದಿನಾ ಗೆದ್ದಲು ನೋಡಿಕೊಳ್ಳಬಲ್ಲವರು, ಸ್ವಂತ ಜಮೀನಿನಲ್ಲಿ ಕಮರ ಇರುವವರು ಅದನ್ನೇ ಹಾಕಲಿ, ಒಮ್ಮೆ ಹಾಕಿದರೆ ಬೇಸಗೆ ಪೂರ್ತಿ ಬರುತ್ತದೆ. ಕೊಟ್ಟಿಗೆಗೆ ಹಾಸು ಬೇಕೆನ್ನುವವರಿಗೆ ಬೇವು. ನನ್ನಂತೆ ವಾರದ ಒಕ್ಕಲುತನ ಮಾಡುವವರು, ಕೂಲಿಗೆ ಕೈ ಬಿಚ್ಚಲಾಗದವರು ಹೊಂಗೆಯನ್ನು ಬಿಟ್ಟು ಬೇರೆ ಕಡೆ ನೋಡುವುದು ಬೇಡ. ಮರ ಸಾಲದಿದ್ದರೆ ಬೇಸಗೆಯಲ್ಲಿ ಹೊಂಗೆಯ ಕಾಯಿ ಆಯ್ದು, ಬೀಜ ಬಿಡಿಸಿ, ಅದೇ ಮುಂಗಾರಿಗೆ ಬದುವಿನ ಮೇಲೆ ಊರಬೇಕು. ಬೀಜ ಇಟ್ಟಷ್ಟೂ ಮೊಳಕೆಯ ಶಕ್ತಿ ಕಳೆದುಕೊಳ್ಳುತ್ತದೆ. ಮೊದಲೆರಡು ವರ್ಷ ದನ ತುಳಿಯದಂತೆ ಸುತ್ತ ಮುಳ್ಳು ಕಟ್ಟಬೇಕು. ಮುಳ್ಳಿಗೆ ನನ್ನಲ್ಲಿ ಕೊರತೆಯಿಲ್ಲ, ಒಂದು ಲೋಡ್ ಬಳ್ಳಾರಿ ಜಾಲಿಗೆ ದುಡ್ಡು ಕೊಟ್ಟಿದ್ದೇನೆ.