ಕಾಳುಮೆಣಸು ಗ್ರೇಡಿಂಗ್‌ಗೆ ಶಿರಸಿಯ ಈ ಸೆಂಟರ್ ನಂಬಬಹುದು

ಕುಮಟಾ ಕಡೆಯಿಂದ ಕಾಳುಮೆಣಸು ತರುವವರು ಶಿರಸಿ ಪೇಟೆಯ ಹೊರಗಿರುವ ಈ ಕ್ಲೀನಿಂಗ್ ಸೆಂಟರ್‌ಗೆ ಧೈರ್ಯವಾಗಿ ಹೋಗಿ. ಕೆಲಸ ಬಲ್ಲವರು.

ನನಗೆ ಬಹಳ ಹಿಡಿಸಿದ್ದು ಅವರು ಸ್ಯಾಂಪಲ್ ತೆಗೆದ ರೀತಿ. ದೇವಿಮನೆ ಘಟ್ಟ ಹತ್ತಿ, ಪಿಕಪ್‌ನಲ್ಲಿ ಕುಲುಕಿ ಕುಲುಕಿ ಬಂದ ಚೀಲದಲ್ಲಿ ದಪ್ಪ ಕಾಳು ಮೇಲೆ ಬಂದಿರುತ್ತದೆ, ಸಣ್ಣದು ಮತ್ತು ಪುಡಿ ತಳ ಸೇರಿರುತ್ತದೆ. ಪ್ರತಿ ಕುಲುಕಿಗೂ ಕಾಳುಗಳ ನಡುವೆ ಸಂದು ಬಿಡುತ್ತದೆ, ಅಲ್ಲಿಗೆ ಸಣ್ಣದು ಜಾರುತ್ತದೆ, ದಪ್ಪದ್ದಕ್ಕೆ ಆ ಜಾಗ ಸಾಲುವುದಿಲ್ಲ. ಇದಕ್ಕೆ ಬ್ರೆಜಿಲ್ ನಟ್ ಎಫೆಕ್ಟ್ ಅಂತಾರೆ, 1987ರಲ್ಲಿ ಕಂಪ್ಯೂಟರ್ ಲೆಕ್ಕದಿಂದ ತೋರಿಸಿದ್ದರು. 1993ರಲ್ಲಿ ಷಿಕಾಗೋದ ವಿಜ್ಞಾನಿಗಳು ಇನ್ನೊಂದು ಕಾರಣ ಕಂಡರು: ಪಾತ್ರೆ ಅಲುಗಿದಾಗ ಕಾಳುಗಳು ಪಾತ್ರೆಯ ನಡುಭಾಗದಲ್ಲಿ ಮೇಲೇರಿ ಅಂಚಿನಲ್ಲಿ ಇಳಿಯುತ್ತವೆ, ದಪ್ಪದ್ದು ಮೇಲೆ ಬಂದರೆ ಆ ಸಪೂರ ಅಂಚಿನಲ್ಲಿ ಇಳಿಯಲಾಗದೆ ಅಲ್ಲೇ ಉಳಿಯುತ್ತದೆ. ಹಾಗಾಗಿ ಚೀಲದ ಬಾಯಿಂದ ಒಂದು ಹಿಡಿ ತೆಗೆದರೆ ಮಾಲು ಇರುವುದಕ್ಕಿಂತ ಚೆಂದ ಕಾಣುತ್ತದೆ, ಅಲ್ವಾ? ಇವರು ಪೂರ್ತಿ ಚೀಲ ತಾಡಪತ್ರಿಗೆ ಸುರಿದು, ಮಗುಚಿ, ನಾಲ್ಕೂ ಕಡೆಯಿಂದ ತೆಗೆದರು.

ಮಷಿನ್‌ನಲ್ಲಿ ಮೇಲಿನ ಜಾಲರಿಯ ತೂತು 4.75 ಮಿ.ಮೀ., ಕೆಳಗಿನದರದ್ದು 4.25. ಕಾಳನ್ನು ತೆಳ್ಳಗೆ ಬಿಡುತ್ತಾರೆ. ನಿಧಾನ ಅನಿಸಬಹುದು, ಆದರೆ ರಾಶಿ ಸುರಿದರೆ ಸಣ್ಣ ಕಾಳು ಜಾಲರಿ ಮುಟ್ಟುವ ಮೊದಲೇ ತುದಿಗೆ ಹೋಗಿ ದಪ್ಪದರ ಜೊತೆ ಬೀಳುತ್ತದೆ. ಅಲುಗಾಟ ಜಾಸ್ತಿ ಮಾಡಿದರೂ ಕೆಲಸ ಕೆಡುತ್ತದೆ, ಕಾಳು ತೂತಿನ ಮೇಲೆ ನಿಲ್ಲದೆ ಸುಮ್ನೆ ಜಿಗಿಯುತ್ತಿರುತ್ತದೆ. ಕಲ್ಲು ತೆಗೆಯುವ ಓರೆ ಹಲಗೆಯನ್ನಂತೂ ನಿಂತು ನೋಡಿ: ಕೆಳಗಿಂದ ಬರುವ ಗಾಳಿಗೆ ಕಾಳು ತೇಲಿ ಇಳಿಜಾರಿಗೆ ಹರಿಯುತ್ತದೆ, ಭಾರದ ಕಲ್ಲು ಹಲಗೆಗೆ ತಾಗಿಕೊಂಡೇ ಅಲುಗಾಟದ ಜೊತೆ ಮೇಲಕ್ಕೆ ಹತ್ತುತ್ತದೆ!

ಲೀಟರ್ ತೂಕದಲ್ಲೂ, ಅಂದರೆ ಒಂದು ಲೀಟರ್ ಡಬ್ಬದಲ್ಲಿ ಹಿಡಿಯುವ ಕಾಳಿನ ತೂಕದಲ್ಲೂ, ನೇರ ಜನ. ಒಳ್ಳೆ ಮಾಲಿಗೆ ಲೀಟರ್‌ಗೆ 550 ಗ್ರಾಂ ಕೇಳುತ್ತಾರಲ್ಲ, ಡಬ್ಬ ತಟ್ಟಿ ತಟ್ಟಿ ತುಂಬಿದರೆ ಅದೇ ಕಾಳು ಒತ್ತಾಗಿ ಕೂತು ತೂಕ ಏರುತ್ತದೆ. ಮನೆಯಲ್ಲಿ ತಟ್ಟಿ ತೂಗಿದವರು ಅಂಗಡಿಯಲ್ಲಿ ಕಡಿಮೆ ಬಂತು ಅಂತ ಜಗಳಕ್ಕಿಳಿಯುವುದು ಇದಕ್ಕೇ. ಇಲ್ಲಿ ಎಲ್ಲರ ಕಾಳನ್ನೂ ಒಂದೇ ಎತ್ತರದಿಂದ ಸುರಿದು, ತಟ್ಟದೆ, ಪಟ್ಟಿಯಿಂದ ಮೇಲ್ಭಾಗ ಸವರಿ ತೂಗುತ್ತಾರೆ.

ದೂರು ಒಂದೇ, ಶೆಡ್‌ನಲ್ಲಿ ಧೂಳು ವಿಪರೀತ. ಕೆಲಸದವರಿಗೆ ಮಾಸ್ಕ್ ಕೂಡ ಇರಲಿಲ್ಲ, ಅದನ್ನು ಮಾಲೀಕರು ತಕ್ಷಣ ಸರಿಮಾಡಬೇಕು. ಮಾರ್ಚ್‌ನಲ್ಲಿ ಸಾಲು ಉದ್ದ, ಫೋನ್ ಮಾಡಿ ಹೋಗಿ. ಕಾಳು ಪೂರ್ತಿ ಒಣಗಿರಲಿ, ಹಸಿ ಇದ್ದರೆ ಒಂದಕ್ಕೊಂದು ಅಂಟಿ ಜಾಲರಿ ಕಟ್ಟುತ್ತದೆ ಅಂತ ಅವರು ವಾಪಸ್ ಕಳಿಸುತ್ತಾರೆ.