ಸ್ವಿಮ್‌ಬೇಟ್ ಎಸೆಯುವವರೇ, ರಾಡ್ ಮೇಲಿನ ‘ಹೆವಿ’ ಅನ್ನೋ ಪದ ನಂಬಬೇಡಿ

ಫೆಬ್ರವರಿಯ ಒಂದು ಶನಿವಾರ, ಬೆಳಿಗ್ಗೆ ಏಳು ಗಂಟೆ. ಲಾಸ್ ಏಂಜಲೀಸ್‌ನ ಉತ್ತರಕ್ಕಿರುವ ಕಸ್ಟೇಯಿಕ್ ಲಗೂನ್‌ನ ದಡದಲ್ಲಿ ನಿಂತು 5 ಔನ್ಸ್ ತೂಕದ ಸ್ವಿಮ್‌ಬೇಟ್ (ಗಾಳ ಸಿಕ್ಕಿಸಿದ ನಕಲಿ ಮೀನು) ಬೀಸಿದೆ. ರಾಡ್ ತಲೆಯ ಮೇಲೆ ಬರುತ್ತಿದ್ದ ಹಾಗೆಯೇ ಪಟಾಕಿ ಹೊಡೆದಂತೆ ಸದ್ದಾಯಿತು. ಮುರಿದ ರಾಡ್‌ನ ಕಾರ್ಬನ್ ಅಂಚಿಗೆ ಉಜ್ಜಿ ಲೈನ್ ತುಂಡಾಯಿತು. ಆ ಲೂರ್, ಅಂದರೆ ನಕಲಿ ಮೀನು, ನೀರಿನ ಕಡೆ ಹೋಗಲಿಲ್ಲ. ಎಡಕ್ಕೆ ಹಾರಿತು. ಅಲ್ಲಿ ನನ್ನ ಹನ್ನೊಂದು ವರ್ಷದ ಮಗ ನಿಂತಿದ್ದ.

ಅವನ ಕಿವಿಯಿಂದ ಒಂದು ಗೇಣು ದೂರದಲ್ಲಿ ಹೋಯಿತು. ಹಿಂದಿನ ಬಂಡೆಗೆ ಬಡಿದು ಬಿತ್ತು. ಆ ಲೂರ್‌ನಲ್ಲಿ ಮೂರು ಮುಳ್ಳಿನ ಗಾಳ ಎರಡಿದ್ದವು. ಮನೆಗೆ ಬರುವವರೆಗೂ ನನ್ನ ಕೈ ನಡುಗುತ್ತಿತ್ತು. ಮಗ ಕಾರಿನಲ್ಲಿ ಒಂದು ಮಾತೂ ಆಡಲಿಲ್ಲ.

ಇದು ದುರದೃಷ್ಟದಿಂದ ಆಗಿದ್ದಲ್ಲ. ರಾಡ್ ಆರಿಸುವಾಗ ಮಾಡಿದ ತಪ್ಪಿನಿಂದ ಆಗಿದ್ದು. ಅದೇ ತಪ್ಪು ಮಾಡಲು ಹೊರಟ ಇಬ್ಬರು ಕನ್ನಡದ ಗೆಳೆಯರನ್ನು ಈಚೆಗೆ ನೋಡಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಎರಡು ಮಾತು. ಸ್ವಿಮ್‌ಬೇಟ್ ಅಂದರೆ ಈಜುವ ಮೀನಿನ ಹಾಗೇ ಕಾಣುವ ದೊಡ್ಡ ಲೂರ್. ಕ್ಯಾಲಿಫೋರ್ನಿಯಾದ ಎಷ್ಟೋ ಕೆರೆಗಳಿಗೆ ಚಳಿಗಾಲದಲ್ಲಿ ರೈನ್‌ಬೋ ಟ್ರೌಟ್ ಮೀನುಗಳನ್ನು ತಂದು ಬಿಡುತ್ತಾರೆ. ಬಾಸ್ ಮೀನುಗಳು ಅವನ್ನು ತಿಂದೇ ಕೊಬ್ಬುತ್ತವೆ. ಅದರಲ್ಲೂ 1959ರಲ್ಲಿ ಫ್ಲೋರಿಡಾ ತಳಿಯ ಬಾಸ್ ಸ್ಯಾನ್ ಡಿಯಾಗೋ ಕಡೆಗೆ ಬಂದ ಮೇಲೆ ಇಲ್ಲಿನ ಮೀನುಗಳ ಗಾತ್ರವೇ ಬೇರೆಯಾಯಿತು. 1991ರ ಮಾರ್ಚ್‌ನಲ್ಲಿ ಬಾಬ್ ಕ್ರುಪಿ ಇದೇ ಕಸ್ಟೇಯಿಕ್‌ನಲ್ಲಿ 22 ಪೌಂಡ್ ಬಾಸ್ ಹಿಡಿದರು. ಸುಮಾರು 10 ಕಿಲೋ! ಅಂಥ ಮೀನಿನ ಆಸೆಗೆ ಟ್ರೌಟ್ ಆಕಾರದ, ಎಂಟು ಇಂಚಿನ ಲೂರ್ ಎಸೆಯುವವರು ಇಲ್ಲಿ ಬಹಳ ಜನ. ನನಗೂ ಅದೇ ಆಸೆ.

ರಾಡ್ ಕೊಳ್ಳಲು ಊರಿನ ಒಂದು ಅಂಗಡಿಗೆ ಹೋಗಿದ್ದೆ. ಐದು ಔನ್ಸ್ ಲೂರ್ ಎಸೆಯಬೇಕು ಅಂದೆ. ಅಲ್ಲಿದ್ದವರು ಏಳು ಅಡಿಯ ಒಂದು ರಾಡ್ ಕೊಟ್ಟು, “ಇದು ಹೆವಿ, ಏನು ಬೇಕಾದರೂ ಎಸೆಯಬಹುದು” ಅಂದರು. ಹಿಡಿಯ ಮೇಲ್ಗಡೆ ಸಣ್ಣ ಅಕ್ಷರದಲ್ಲಿ ಲೂರ್ ತೂಕ 3/8ರಿಂದ 1-1/2 ಔನ್ಸ್ ಅಂತ ಬರೆದಿತ್ತು. ನಾನು ಅದನ್ನು ನೋಡಿದ್ದೆ. ನೋಡಿಯೂ ‘ಹೆವಿ’ ಅನ್ನೋ ಪದವನ್ನೇ ನಂಬಿದೆ.

‘ಹೆವಿ’ ಅನ್ನೋದಕ್ಕೆ ಎಲ್ಲರೂ ಒಪ್ಪಿದ ಅಳತೆ ಅಂತ ಇಲ್ಲ. ಒಂದು ಕಂಪನಿಯ ಹೆವಿ ಇನ್ನೊಂದು ಕಂಪನಿಯ ಮೀಡಿಯಂ ಹೆವಿ ಆಗಿರಬಹುದು. ನನಗೆ ಸಿಕ್ಕಿದ್ದು ಪೊದೆಯೊಳಗೆ ಜಿಗ್ (ತಲೆಯಲ್ಲಿ ಭಾರವಿರುವ ಸಣ್ಣ ಲೂರ್) ಇಳಿಸಿ ಮೀನನ್ನು ಎಳೆದು ತೆಗೆಯಲು ಮಾಡಿದ ರಾಡ್. ಆ ಕೆಲಸಕ್ಕೆ ಅದು ನಿಜಕ್ಕೂ ಗಟ್ಟಿ. ಆದರೆ ಒಂದೂವರೆ ಔನ್ಸ್ ಅಂದರೆ ನಲವತ್ತೆರಡು ಗ್ರಾಂ ಅಷ್ಟೇ. ನನ್ನ ಲೂರ್ 140 ಗ್ರಾಂ ದಾಟುತ್ತಿತ್ತು. ಮೂರು ಪಟ್ಟಿಗಿಂತ ಜಾಸ್ತಿ.

ರಾಡ್ ಮುರಿಯುವ ಮೊದಲೇ ನನಗೆ ಸೂಚನೆ ಕೊಟ್ಟಿತ್ತು. ಮೊದಲ ಹತ್ತು ಎಸೆತದಲ್ಲೇ ತುದಿ ಬಾಗುವ ಬದಲು ಮಡಚಿಕೊಂಡ ಹಾಗೆ ಅನ್ನಿಸುತ್ತಿತ್ತು. ಕೈ ಮುಂದೆ ಬಂದರೂ ಲೂರ್ ಹಿಂದೆಯೇ ನೇತಾಡುತ್ತಿತ್ತು. ಒಂದೆರಡು ಸಲ ತುದಿಯ ಕಡೆಯಿಂದ ಚಿರ್ ಅಂತ ಸಣ್ಣ ಸದ್ದೂ ಬಂತು. ಹೊಸ ರಾಡ್ ಅಲ್ವಾ, ಹೀಗೇ ಇರಬೇಕು ಅಂದುಕೊಂಡೆ. ದೂರ ಹೋಗುತ್ತಿಲ್ಲ ಅಂತ ಇನ್ನೂ ಜೋರಾಗಿ ಬೀಸಿದೆ. ನಿಮಗೆ ಇದರಲ್ಲಿ ಯಾವುದೇ ಒಂದು ಅನುಭವ ಆದರೂ ಅಲ್ಲಿಗೇ ನಿಲ್ಲಿಸಿ. ಇನ್ನೊಂದು ಎಸೆತ ಬೇಡ.

ಮರುದಿನ ಅಂಗಡಿಗೆ ಹೋದೆ. ವಾರಂಟಿ ಸಿಗಲಿಲ್ಲ. ಏನು ಬೇಕಾದರೂ ಎಸೆಯಬಹುದು ಅಂದವರೇ ಹಿಡಿಯ ಮೇಲಿನ ಆ ಸಣ್ಣ ಅಂಕಿಯನ್ನು ಬೆರಳಿಟ್ಟು ತೋರಿಸಿದರು. ತುಂಬಾ ಸಿಟ್ಟು ಬಂತು. ಆದರೆ ಅಂಕಿ ಅಲ್ಲೇ ಇತ್ತು, ಏನು ಹೇಳಲಿ?

ಆಮೇಲೆ ಇನ್ನೊಂದು ತಪ್ಪು ಮಾಡಿದೆ. ಹೆದರಿಕೆಯಲ್ಲಿ, 16 ಔನ್ಸ್‌ವರೆಗೂ ತಡೆಯುವ ದಪ್ಪ ರಾಡ್ ತಂದೆ. ಐದು ಔನ್ಸ್‌ಗೆ ಅದು ಬಾಗಲೇ ಇಲ್ಲ. ಬಾಗದ ರಾಡ್ ಎಸೆಯುವುದಿಲ್ಲ, ಎಲ್ಲ ಕೆಲಸವನ್ನೂ ಭುಜವೇ ಮಾಡಬೇಕು. ಒಂದು ಒಳ್ಳೆಯ ಬಾಸ್ ಸಿಕ್ಕಿತ್ತು. ದಡದ ಹತ್ತಿರ ತಲೆ ಕೊಡವಿತು, ರಾಡ್ ಸ್ವಲ್ಪವೂ ಬಗ್ಗಲಿಲ್ಲ, ಗಾಳ ಬಾಯಿ ಹರಿದುಕೊಂಡು ಬಂದುಬಿಟ್ಟಿತು. ಆ ರಾಡನ್ನು ಮಾರಿದೆ.

ನಾನು ಮಲೆನಾಡಿನವನು. ಚಿಕ್ಕವನಿದ್ದಾಗ ಹಳ್ಳದಲ್ಲಿ ವಾಟೆ ಕೋಲಿಗೆ ದಾರ ಕಟ್ಟಿ, ಎರೆಹುಳು ಸಿಕ್ಕಿಸಿ ಮೀನು ಹಿಡಿಯುತ್ತಿದ್ದೆವು. ಆ ಕೋಲು ತುದಿಯಿಂದ ಹಿಡಿಯವರೆಗೆ ಇಡೀ ಬಾಗುತ್ತಿತ್ತು. ಭಾರ ಒಂದೇ ಕಡೆ ಬೀಳುತ್ತಿರಲಿಲ್ಲ. ಸ್ವಿಮ್‌ಬೇಟ್ ರಾಡ್‌ನಲ್ಲಿ ಹುಡುಕಬೇಕಾದ ಗುಣ ಇದೇ. ‘ಫಾಸ್ಟ್’ ಅಂತ ಬರೆದ ರಾಡ್ ತುದಿಯಲ್ಲಿ ಮಾತ್ರ ಬಾಗುತ್ತದೆ. ‘ಮಾಡರೇಟ್’ ಅಥವಾ ‘ಮಾಡರೇಟ್ ಫಾಸ್ಟ್’ ಅಂತ ಇದ್ದರೆ ನಡುವಿನವರೆಗೂ ಬಾಗಿ ಭಾರವನ್ನು ಹಂಚಿಕೊಳ್ಳುತ್ತದೆ. ಕಾರ್ಬನ್ ಜೊತೆ ಫೈಬರ್‌ಗ್ಲಾಸ್ ಸೇರಿಸಿದ ರಾಡ್ ಸ್ವಲ್ಪ ತೂಕ ಜಾಸ್ತಿ, ಆದರೆ ತಪ್ಪು ಮಾಡಿದರೂ ತಾಳಿಕೊಳ್ಳುತ್ತದೆ. ಹೊಸಬರಿಗೆ ನಾನು ಅದನ್ನೇ ಹೇಳುತ್ತೇನೆ.

ಈಗ ನನ್ನ ಹತ್ತಿರ ಇರುವುದು ಎಂಟು ಅಡಿಯ, 2ರಿಂದ 8 ಔನ್ಸ್‌ನ ರಾಡ್. ಐದು ಔನ್ಸ್ ಲೂರ್ ಆ ಅಂಕಿಗಳ ನಡುವೆ ಬೀಳುತ್ತದೆ. ಹಾಗೇ ಇರಬೇಕು. ಮೇಲಿನ ಅಂಕಿಯ ಅಂಚಿನಲ್ಲಿ ದಿನವಿಡೀ ಎಸೆಯುತ್ತಿದ್ದರೆ, ರೀಲಿನಲ್ಲಿ ಲೈನ್ ಒಮ್ಮೆ ಸಿಕ್ಕು ಬಿದ್ದರೂ ಸಾಕು, ಪೂರ್ತಿ ಜರ್ಕ್ ರಾಡ್‌ಗೇ ಬೀಳುತ್ತದೆ. ಹಿಂದಿನ ಹಿಡಿ ಉದ್ದ ಇರಲಿ, ಮೊಣಕೈವರೆಗೆ ಬರಲಿ. ಎರಡೂ ಕೈ ಹಾಕಿ ಎಸೆಯುವ ಕೆಲಸ ಇದು. ರೀಲು 300 ಅಥವಾ 400 ಸೈಜಿನ ಬೇಟ್‌ಕಾಸ್ಟರ್ (ರಾಡ್ ಮೇಲೆ ಕೂರುವ, ಉರುಳುವ ರೀಲು) ಸಾಕು. ನಾನು 25 ಪೌಂಡ್ ಮೋನೋ (ಒಂದೇ ಎಳೆಯ) ಲೈನ್ ಹಾಕುತ್ತೇನೆ, ಅದು ಸ್ವಲ್ಪ ಹಿಗ್ಗುತ್ತದೆ. ಬ್ರೇಡ್ (ಹೆಣೆದ ಲೈನ್) ಇಷ್ಟ ಅನ್ನುವವರು 65 ಪೌಂಡ್‌ಗಿಂತ ಕಡಿಮೆ ಹಾಕಬೇಡಿ. ಲೈನ್ ತುಂಡಾಗಿ ಒಳ್ಳೆಯ ಲೂರ್ ಹಾರಿಹೋಗುವುದನ್ನು ನೋಡೋದು ಬಹಳ ಬೇಜಾರು.

ಇಂಚು ನೋಡಿ ತೂಕ ಊಹಿಸಬೇಡಿ. ಎಂಟು ಇಂಚಿನ ಟೊಳ್ಳು ಲೂರ್‌ಗೂ ಎಂಟು ಇಂಚಿನ ಗಟ್ಟಿ ರಬ್ಬರ್ ಲೂರ್‌ಗೂ ತುಂಬಾ ವ್ಯತ್ಯಾಸ. ಅಡುಗೆಮನೆಯ ತಕ್ಕಡಿಯಲ್ಲಿ ಗಾಳದ ಸಮೇತ ತೂಗಿ. ಗ್ರಾಂನಲ್ಲಿ ಬಂದದ್ದನ್ನು 28ರಿಂದ ಭಾಗಿಸಿದರೆ ಔನ್ಸ್. ಆಮೇಲೆ ಆ ಲೂರನ್ನೇ ಅಂಗಡಿಗೆ ತೆಗೆದುಕೊಂಡು ಹೋಗಿ, ರಾಡ್ ತುದಿಗೆ ನೇತುಹಾಕಿ ಮೆಲ್ಲಗೆ ಆಡಿಸಿ ನೋಡಿ. ತುದಿ ಮಾತ್ರ ಕುಸಿದರೆ ಬೇಡ. ಸ್ವಲ್ಪವೂ ಅಲುಗಲಿಲ್ಲ ಅಂದರೂ ಬೇಡ.

ಸೆಕೆಂಡ್ ಹ್ಯಾಂಡ್ ರಾಡ್ ಆದರೆ ಉದ್ದಕ್ಕೂ ಉಗುರು ಆಡಿಸಿ. ಸಣ್ಣ ಗೀರು, ಪೆಟ್ಟು ತಾಗಿದ ಗುರುತು ಇದ್ದರೆ ದೊಡ್ಡ ಲೂರ್‌ಗೆ ಬಿಟ್ಟುಬಿಡಿ. ಕಾರ್ಬನ್ ಮುರಿಯುವುದು ಅಂಥ ಜಾಗದಲ್ಲೇ.

ಎಸೆಯುವಾಗಲೂ ಚಾಟಿ ಬೀಸಿದ ಹಾಗೆ ಬೀಸಬೇಡಿ. ಲೂರನ್ನು ತುದಿಯಿಂದ ಎರಡಡಿ ಕೆಳಗೆ ಬಿಟ್ಟು, ನಿಧಾನವಾಗಿ ಹಿಂದೆ ಒಯ್ದು, ಭಾರ ಕೈಗೆ ಗೊತ್ತಾದ ಮೇಲೆ ಮುಂದಕ್ಕೆ ತೂಗಿ ಬಿಡಿ. ಇದು ನಿಜವಾಗಿಯೂ ಜಾಸ್ತಿ ದೂರ ಹೋಗುತ್ತದೆ.

ಮಗ ಮೂರು ತಿಂಗಳು ಕೆರೆ ಕಡೆ ಬರಲಿಲ್ಲ. ನಾನೂ ಬಲವಂತ ಮಾಡಲಿಲ್ಲ. ಮೇ ತಿಂಗಳಲ್ಲಿ ತಾನಾಗಿಯೇ ಬರುತ್ತೇನೆ ಅಂದ. ಕ್ಯಾಲಿಫೋರ್ನಿಯಾದಲ್ಲಿ ಹದಿನಾರು ತುಂಬುವವರೆಗೆ ಮಕ್ಕಳಿಗೆ ಲೈಸೆನ್ಸ್ ಬೇಕಿಲ್ಲ, ಹಾಗಾಗಿ ಅವನೂ ಒಂದು ಸಣ್ಣ ರಾಡ್ ಹಿಡಿಯುತ್ತಾನೆ. ಈಗ ಕಣ್ಣಿನ ರಕ್ಷಣೆಗೆ ಇಬ್ಬರೂ ಕನ್ನಡಕ ಹಾಕುತ್ತೇವೆ. ನಾನು ರಾಡ್ ಎತ್ತುವ ಮುಂಚೆ ತಿರುಗಿ ನೋಡಿ “ಎಸೀಲಾ?” ಅಂತ ಕೇಳುತ್ತೇನೆ. “ಹೂಂ ಅಪ್ಪ” ಅಂತ ಅವನ ದನಿ ಕೇಳುವವರೆಗೆ ಎಸೆಯುವುದಿಲ್ಲ.