ಅವಧಿಗೆ ಮುನ್ನ ಹುಟ್ಟಿದ ಮಗುವಿಗೆ ಪ್ರೊಬಯಾಟಿಕ್ ಪುಡಿ: ಪುಡಿಗೆ ಅಂಕ ಕೊಡುತ್ತೇನೆ, ಡಬ್ಬಕ್ಕೆ ಕೊಡುವುದಿಲ್ಲ

ಕರುಳಿಗೆ ಒಳ್ಳೆಯದೆನ್ನುವ ಜೀವಂತ ಬ್ಯಾಕ್ಟೀರಿಯಾ ಇರುವ ಈ ಪುಡಿಯನ್ನು ನಾನಾಗಿ ಹುಡುಕಿಕೊಂಡು ಹೋಗಿ ಕೊಂಡವನಲ್ಲ. ಮಗಳು 30ನೇ ವಾರಕ್ಕೇ 1,240 ಗ್ರಾಂ ತೂಕದಲ್ಲಿ ಹುಟ್ಟಿ, ಶಿವಮೊಗ್ಗದ ಆಸ್ಪತ್ರೆಯೊಂದರ ಎನ್‌ಐಸಿಯು (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಸೇರಿದಾಗ, ಎನ್‌ಇಸಿ ಎಂಬ ಕಾಯಿಲೆ ಬಾರದಿರಲೆಂದು ವೈದ್ಯರು ಚೀಟಿ ಬರೆದುಕೊಟ್ಟರು. ಆ ಕಾಯಿಲೆಯಲ್ಲಿ ಎಳೆಯ ಕರುಳಿನ ಗೋಡೆ ಉರಿಯೂತಕ್ಕೆ ಸಿಕ್ಕಿ ಸಾಯುತ್ತಾ ಹೋಗುತ್ತದಂತೆ. ಬಂದರೆ ಹಾಲು ನಿಲ್ಲಿಸಬೇಕು, ಕೆಲವೊಮ್ಮೆ ಕರುಳಿನ ತುಂಡನ್ನೇ ಕತ್ತರಿಸಿ ತೆಗೆಯಬೇಕು. ಅಷ್ಟು ಕೇಳಿದ ಮೇಲೆ ಬೆಲೆ ವಿಚಾರಿಸುವ ಅಪ್ಪ ಯಾರಿದ್ದಾನೆ?

ಮೊದಲು ಹೋದ ಔಷಧ ಅಂಗಡಿಯವರು ಬಿಸಿಲು ಬೀಳುವ ಗಾಜಿನ ಕಪಾಟಿನಿಂದ ಡಬ್ಬ ತೆಗೆದುಕೊಟ್ಟರು. ಅದರ ಬೆನ್ನ ಮೇಲೆಯೇ 2ರಿಂದ 8 ಡಿಗ್ರಿಯಲ್ಲಿಡಿ ಎಂದು ಬರೆದಿತ್ತು. ತೋರಿಸಿದರೆ, 'ಏನೂ ಆಗುವುದಿಲ್ಲ ಸರ್' ಎಂಬ ಉತ್ತರ. ಒಳಗಿರುವುದು ಜೀವಂತ ಬ್ಯಾಕ್ಟೀರಿಯಾ, ಬಿಸಿಲಲ್ಲಿ ಅವು ಸತ್ತರೆ ನಾನು ದುಡ್ಡು ಕೊಟ್ಟು ಒಯ್ಯುವುದು ಬರೀ ಪುಡಿಯನ್ನು. ಇನ್ನೊಂದು ಅಂಗಡಿಯವರು ಫ್ರಿಜ್‌ನಿಂದ ತೆಗೆದು, ಕೇಳದೆಯೇ ಐಸ್ ಪ್ಯಾಕ್ ಜೊತೆ ಕೊಟ್ಟರು.

ಡಬ್ಬದ ಮೇಲೆ ನನಗೆ ನಿಜವಾದ ಸಿಟ್ಟಿದೆ. ಮುಂದುಗಡೆ ನಗುವ ಮಗುವಿನ ದೊಡ್ಡ ಚಿತ್ರ. ಬ್ಯಾಕ್ಟೀರಿಯಾದ ಹೆಸರು ಇರುವೆ ಗಾತ್ರದ ಅಕ್ಷರದಲ್ಲಿ, ಅದೂ ಜಾತಿಯ ಹೆಸರು ಮಾತ್ರ. ಯಾವ ತಳಿ ಎಂಬ ಸಂಖ್ಯೆಯೇ ಇಲ್ಲ. ಇದು ಸಣ್ಣ ವಿಷಯವಲ್ಲ. 2013ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾ–ನ್ಯೂಜಿಲೆಂಡ್ ಅಧ್ಯಯನದಲ್ಲಿ 1,099 ಮಕ್ಕಳಿದ್ದರು. ಮೂರು ತಳಿಗಳ ಮಿಶ್ರಣ ಪಡೆದವರಲ್ಲಿ ಎನ್‌ಇಸಿ ಶೇ 2ರಷ್ಟು, ಪಡೆಯದವರಲ್ಲಿ ಶೇ 4.4ರಷ್ಟು. 2016ರಲ್ಲಿ ಇಂಗ್ಲೆಂಡಿನಲ್ಲಿ ಬೇರೊಂದು ತಳಿಯನ್ನು 1,315 ಮಕ್ಕಳ ಮೇಲೆ ಪರೀಕ್ಷಿಸಿದಾಗ ಪ್ರಯೋಜನವೇ ಕಾಣಲಿಲ್ಲ. ಹೀಗಿರುವಾಗ 'ಪ್ರೊಬಯಾಟಿಕ್' ಎಂದಷ್ಟೇ ಬರೆದು ಮಾರುವುದು, ತಳಿ ಹೇಳದೆ ಭತ್ತದ ಬೀಜ ಮಾರಿದ ಹಾಗೆ. ಮೇಲಾಗಿ ಡಬ್ಬದ ಮೇಲಿದ್ದದ್ದು ಆಹಾರ ಪರವಾನಗಿ, ಔಷಧದ್ದಲ್ಲ.

ನಮ್ಮ ಅತ್ತೆಗೆ ಇದೆಲ್ಲ ಬೇಡವಾಗಿತ್ತು. 'ಮಜ್ಜಿಗೆಯ ತಿಳಿ ಎರಡು ತೊಟ್ಟು ಹಾಕಿ, ಅದರಲ್ಲೂ ಅದೇ ಇರುವುದು' ಎಂದು ತೀರ್ಥಹಳ್ಳಿಯಿಂದ ದಿನವೂ ಫೋನ್. ವೈದ್ಯರಿಗೆ ಹೇಳಿದೆ, ಅವರು ನಗಲಿಲ್ಲ, ಖಂಡಿತ ಬೇಡ ಎಂದರು. ಇಂಥ ಶಿಶುಗಳಲ್ಲಿ ಒಳ್ಳೆಯ ಬ್ಯಾಕ್ಟೀರಿಯಾ ಕೂಡ ರಕ್ತಕ್ಕೆ ಸೇರಿ ಜೀವ ತೆಗೆಯಬಹುದು. ಹಾಗೆ ಒಂದು ಮಗು ತೀರಿಕೊಂಡ ಮೇಲೆ ಅಮೆರಿಕದ ಆಹಾರ–ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2023ರಲ್ಲಿ ಎಚ್ಚರಿಕೆ ಹೊರಡಿಸಿತ್ತು.

ಆ ಭಯಕ್ಕೆ ಉತ್ತರ ಸಿಕ್ಕಿದ್ದು ನಮ್ಮ ಎನ್‌ಐಸಿಯುವಿನ ದಾದಿಯ ಕೈಯಲ್ಲಿ. ಸ್ಯಾಷೆಯನ್ನು ಮಗುವಿನ ಹತ್ತಿರ ಅವರು ಎಂದೂ ಒಡೆಯಲಿಲ್ಲ. ರಕ್ತನಾಳದ ಕೊಳವೆಗೆ ಪುಡಿಯ ಕಣ ತಾಗಬಾರದೆಂದು ದೂರದ ಮೇಜಿನ ಬಳಿ ಹೋಗುತ್ತಿದ್ದರು. ನನ್ನ ಹೆಂಡತಿ ಹಿಂಡಿಕೊಟ್ಟ ಎದೆಹಾಲಿನಲ್ಲಿ ಕದಡಿ, ಕೈಗವಸು ಬದಲಿಸಿ, ಬಾಯಿಂದ ಹೊಟ್ಟೆಗಿಳಿದ ನಳಿಕೆಯಲ್ಲಿ ನಿಧಾನವಾಗಿ ಬಿಡುತ್ತಿದ್ದರು. ಹೊಟ್ಟೆ ಉಬ್ಬಿದೆಯೇ ಎಂದು ಟೇಪು ಸುತ್ತಿ ಅಳತೆ ಬರೆದುಕೊಳ್ಳುತ್ತಿದ್ದರು. ಎದೆಹಾಲು ಸಾಲದಿದ್ದರೆ ಪುಡಿಯೊಂದನ್ನೇ ನಂಬಿ ಕೂರುವಂತಿಲ್ಲ ಎಂದು ಮೊದಲ ದಿನವೇ ಹೇಳಿದವರೂ ಅವರೇ.

ಮಗಳಿಗೆ ಎನ್‌ಇಸಿ ಬರಲಿಲ್ಲ. ಪುಡಿಯಿಂದಲೇ ಎಂದು ಹೇಳಲಾರೆ. ಪುಡಿ ಪಡೆಯದ ಮಕ್ಕಳಲ್ಲೂ ಹೆಚ್ಚಿನವರಿಗೆ ಅದು ಬರುವುದಿಲ್ಲ. ಐದರಲ್ಲಿ ಪುಡಿಗೆ ಮೂರು, ಡಬ್ಬಕ್ಕೆ ಸೊನ್ನೆ, ದಾದಿಗೆ ಐದು. ವೈದ್ಯರು ಬರೆಯದೆ ಇದನ್ನು ಕೊಳ್ಳಬೇಡಿ. ಬರೆದರೆ ತಳಿ ಯಾವುದು ಎಂದು ಕೇಳಿ, ಅಂಗಡಿಯಲ್ಲಿ ಫ್ರಿಜ್ ಇದೆಯೇ ನೋಡಿ.

ಮನೆಗೆ ಕಳಿಸುವಾಗ ವೈದ್ಯರು ಪುಡಿ ನಿಲ್ಲಿಸಿದರು. ನಮ್ಮೂರಿನಲ್ಲಿ ಮಳೆಗಾಲಕ್ಕೆ ಕರೆಂಟು ಹೋದರೆ ಬರುವುದು ಅದರ ಇಷ್ಟ, ಹಾಗಾಗಿ ಫ್ರಿಜ್‌ನ ಚಿಂತೆ ತಪ್ಪಿತು. ಉಳಿದ ಸ್ಯಾಷೆಗಳನ್ನು ಅತ್ತೆ ತಮ್ಮ ಗ್ಯಾಸ್ಟ್ರಿಕ್‌ಗೆ ಎಂದು ಇಸಿದುಕೊಂಡಿದ್ದಾರೆ. ಅವರ ವಿಮರ್ಶೆ ಇನ್ನೂ ಬಂದಿಲ್ಲ.